ಎದೆಯ ಮೇಲಿನ ಬಿಲ್ಲೆ

ನಮ್ಮ ನೆರೆಮನೆಯ ಅಕ್ಕ ಎಣಿಕೆ ತಪ್ಪಿದ್ದನ್ನು ನಾನು ಈ ಹದಿನೈದು ವರ್ಷಗಳಲ್ಲಿ ಒಮ್ಮೆಯೂ ಕಂಡಿಲ್ಲ. ಶಿರ್ವದ ಸುತ್ತುಮುತ್ತಲಿನ ಎಷ್ಟೋ ಮನೆಗಳಂತೆ ಅವರ ಅಂಗಳದಲ್ಲಿಯೂ ಶಂಕರಪುರ ಮಲ್ಲಿಗೆಯ ಗಿಡಗಳಿವೆ. ಬೆಳಗ್ಗೆ ಬೇಗನೆ ಮೊಗ್ಗು ಬಿಡಿಸಿ ತಂದು, ಜಗಲಿಯಲ್ಲಿ ಕಾಲು ಚಾಚಿ ಕುಳಿತು ಬಾಳೆಯ ನಾರಿನಲ್ಲಿ ಕಟ್ಟತೊಡಗಿದರೆ ಅವರ ಬಾಯಿ ಊರಿನ ಸುದ್ದಿಯನ್ನೆಲ್ಲ ಆಡುತ್ತಿರುತ್ತದೆ. ಬೆರಳು ಮಾತ್ರ ತನ್ನ ಪಾಡಿಗೆ ತಾನು ಎಣಿಸುತ್ತಿರುತ್ತದೆ. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಹೂವಿನ ಕಟ್ಟೆಯಲ್ಲಿ ಕೊಳ್ಳುವವರು ಅದನ್ನು ಬಿಚ್ಚಿ ಮತ್ತೊಮ್ಮೆ ಎಣಿಸುವುದಿಲ್ಲ. ಎಣಿಸಿದವಳ ಮಾತೇ ಪ್ರಮಾಣ.

ಹೋದ ವರ್ಷ ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ದಿನ ಈ ಅಕ್ಕ ಸೊಂಟದ ಸೆರಗಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ನನ್ನ ಮುಂದೆ ಹಿಡಿದರು. ಅದರಲ್ಲಿ ಅವರ ಮಗನ ಕೈಬರಹದಲ್ಲಿ ಇಂಗ್ಲಿಷಿನ ಒಂದೇ ಸಾಲಿತ್ತು: 1.8 ಎಂ.ಎಸ್.ವಿ.

"ಮಾಸ್ಟ್ರೇ, ಇದು ಎಂತ ಅಂತ ಓದಿ ಹೇಳಿ. ಮಗನ ಅಂಗಿ ಒಗೆಯುವಾಗ ಕಿಸೆಯಲ್ಲಿ ಸಿಕ್ಕಿತು. ಕೇಳಿದರೆ 'ಏನಿಲ್ಲ ಅಮ್ಮ, ಕಡಿಮೆ ಉಂಟು' ಅಂತಾನೆ. ಎಂತದು ಕಡಿಮೆ, ಎಷ್ಟಕ್ಕೆ ಕಡಿಮೆ ಅಂತ ಹೇಳುವುದಿಲ್ಲ."

ಓದುವುದೇನೋ ಓದಿದೆ. ಹೇಳುವುದು ಹೇಗೆ? ಇಪ್ಪತ್ತು ವರ್ಷಗಳ ಹತ್ತಿರ ಕನ್ನಡ ಕಲಿಸಿ ಹೊಟ್ಟೆ ಹೊರೆದುಕೊಂಡವನು ಆ ದಿನ ಒಂದು ಶಬ್ದಕ್ಕಾಗಿ ತಡಕಾಡಿದೆ.

ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಬಿ.ಎ. ಮೊದಲನೆಯ ವರ್ಷದಲ್ಲಿ ನನ್ನ ತರಗತಿಯಲ್ಲಿದ್ದ. ಗದ್ಯ ಪದ್ಯಗಳ ಸಾರಾಂಶ ಬರೆಯೆಂದರೆ ಕಣ್ಣು ಕಣ್ಣು ಬಿಡುತ್ತಿದ್ದವನು, ಛಂದಸ್ಸಿನ ತರಗತಿಯಲ್ಲಿ ಮಾತ್ರ ಎಲ್ಲರಿಗಿಂತ ಮುಂದು. ಲಘುವಿಗೆ 1, ಗುರುವಿಗೆ 2 ಎಂದು ಪ್ರಸ್ತಾರ ಹಾಕಿ, ಭಾಮಿನಿಯ ಮೊದಲ ಸಾಲಿಗೆ 14, ಮೂರನೆಯದಕ್ಕೆ 23 ಎಂದು ಕೂಡಿಸಿ ಕೊಡುವಾಗ ಅವನ ಮುಖದಲ್ಲಿ ತಾಯಿಯ ಬೆರಳಿನ ಚಳಕವೇ ಕಾಣುತ್ತಿತ್ತು. ಮನೆಯ ಅವಸ್ಥೆಯಿಂದ ಮರುವರ್ಷ ಕಾಲೇಜು ಬಿಟ್ಟ, ಐ.ಟಿ.ಐ. ಸೇರಿ ಫಿಟ್ಟರನಾದ. ನಮ್ಮ ಊರಿನವರು ಹಿಂದೆ ಬೊಂಬಾಯಿಯ ಹೋಟೆಲುಗಳಿಗೆ ಹೋದಂತೆ, ಆಮೇಲೆ ಗಲ್ಫಿಗೆ ಹೋದಂತೆ, ಇವನು 'ಶಟ್‌ಡೌನ್' ಕೆಲಸಕ್ಕೆ ಹೋದ. ಹೊರಗಿನವರಿಗೆ ಈ ಜಾತಿಯ ಪರಿಚಯ ಕಡಿಮೆ. ದೊಡ್ಡ ಕಾರ್ಖಾನೆಯನ್ನು ದುರಸ್ತಿಗಾಗಿ ಕೆಲವು ವಾರ ನಿಲ್ಲಿಸುತ್ತಾರೆ. ಆಗ ಕಾಂಟ್ರಾಕ್ಟರನು ಫಿಟ್ಟರು, ವೆಲ್ಡರು, ಅಟ್ಟಣಿಗೆ ಕಟ್ಟುವವರು, ಬಣ್ಣ ಬಳಿಯುವವರು, ಗುಡಿಸುವವರು ಎಂದು ಜನರನ್ನು ಕಟ್ಟಿಕೊಂಡು ಬರುತ್ತಾನೆ. ಕೆಲಸ ಮುಗಿದ ಮೇಲೆ ಯಂತ್ರ ತಿರುಗತೊಡಗುತ್ತದೆ, ಈ ಜನ ಬೇರೊಂದು ನಿಂತ ಕಾರ್ಖಾನೆಯನ್ನು ಹುಡುಕಿಕೊಂಡು ಹೊರಡುತ್ತಾರೆ. ಎಣ್ಣೆ ಶುದ್ಧಿಯ ಕಾರ್ಖಾನೆ, ಉಷ್ಣ ವಿದ್ಯುತ್ತಿನ ಕಾರ್ಖಾನೆ ಎಲ್ಲ ಸುತ್ತಿ ಕಡೆಗೆ ಇವನು ಕೈಗಾಕ್ಕೆ ಬಂದು ಮುಟ್ಟಿದ. ಗೇಟುಪಾಸಿನ ಕಾಗದಗಳ ಜೊತೆಗೆ ಇರಲೆಂದು ಅವನು ಕೇಳಿದ ನಡತೆಯ ಪ್ರಮಾಣಪತ್ರಕ್ಕೆ ಸಹಿ ಹಾಕಿದವನು ನಾನೇ. ಆದುದರಿಂದ ಅಕ್ಕನ ಚೀಟಿಗೆ ಉತ್ತರ ಕೊಡುವ ಹೊಣೆ ನನ್ನ ತಲೆಯ ಮೇಲೂ ಸ್ವಲ್ಪ ಇತ್ತು.

ಕೈಗಾದ ಹೆಸರನ್ನು ನಾನು ಮೊದಲು ಕೇಳಿದ್ದು ಪ್ರಾಥಮಿಕ ಶಾಲೆಯ ಹುಡುಗನಾಗಿದ್ದಾಗ. ಕಾರವಾರ ತಾಲೂಕಿನ ಒಳಗೆ, ಕಾಳಿ ನದಿಯ ದಂಡೆಯ ಕಾಡಿನಲ್ಲಿ ಅಣುಸ್ಥಾವರದ ಕೆಲಸ 1989ರಲ್ಲಿ ಆರಂಭವಾಯಿತು. ಅದೇ ವರ್ಷ ನಮ್ಮ ಕೋಟದ ಶಿವರಾಮ ಕಾರಂತರು ಅದನ್ನು ವಿರೋಧಿಸಿ, 87ರ ವಯಸ್ಸಿನಲ್ಲಿ, ಆ ಜಿಲ್ಲೆಯಿಂದ ಲೋಕಸಭೆಗೆ ಸ್ಪರ್ಧಿಸಿದರು. ಗೆಲ್ಲಲಿಲ್ಲ. "ಕಾರಂತಜ್ಜನಿಗೆ ಈ ವಯಸ್ಸಿನಲ್ಲಿ ಇದು ಬೇಕಿತ್ತೋ" ಎಂದು ಕೆಲವರು, "ಅವರಲ್ಲದೆ ಇನ್ನಾರು ಹೇಳಬೇಕು" ಎಂದು ಕೆಲವರು ನಮ್ಮ ಜಗಲಿಯಲ್ಲಿ ವಾದ ಮಾಡಿದ್ದು ನನಗೆ ನೆನಪಿದೆ. ಸ್ಥಾವರ ಎದ್ದಿತು. ಈಗ ಅಲ್ಲಿ ತಲಾ 220 ಮೆಗಾವ್ಯಾಟಿನ 4 ಘಟಕಗಳಿವೆ. ಮೊದಲ ಎರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಿದ್ಯುತ್ತು ಮಾರಲು ತೊಡಗಿದವು. ತಲಾ 700 ಮೆಗಾವ್ಯಾಟಿನ ಇನ್ನೆರಡಕ್ಕೆ ಏರ್ಪಾಡಾಗಿ, 2025ರಲ್ಲಿ 12,800 ಕೋಟಿ ರೂಪಾಯಿಯ ಗುತ್ತಿಗೆಯನ್ನು ಹೈದರಾಬಾದಿನ ಕಂಪೆನಿಯೊಂದಕ್ಕೆ ಕೊಟ್ಟದ್ದಾಯಿತು. ಸ್ಥಾವರ ಸರಕಾರದ್ದು, ವಿಜ್ಞಾನ ಸರಕಾರದ್ದು, ಕಾವಲು ಸರಕಾರದ್ದು. ಒಳಗಿನ ನಟ್ಟು ಬಿಗಿಯುವ ಕೈಗಳಲ್ಲಿ ಬಹಳಷ್ಟು ಕಾಂಟ್ರಾಕ್ಟರನವು.

ಕೈಗಾದ ಕಥೆಯನ್ನು ಈ ಕೈಗಳ ಕಡೆಯಿಂದ ನೋಡಿದರೆ ಅದರ ರೂಪ ಬೇರೆಯಾಗಿ ಕಾಣುತ್ತದೆ. 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದ ಮೊದಲ ಘಟಕದ ಒಳಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟು ಕಳಚಿ ಕೆಳಗೆ ಬಿತ್ತು; 14 ಮಂದಿ ಕೆಲಸಗಾರರಿಗೆ ಗಾಯವಾಯಿತು. ಇಂಧನ ಇನ್ನೂ ಒಳಗೆ ಬಂದಿರಲಿಲ್ಲ. ಕೈಗಾದಲ್ಲಿ ಮೊದಲು ಮನುಷ್ಯನ ಮೇಲೆ ಬಿದ್ದದ್ದು ಅಣುವಲ್ಲ, ಗಾರೆ. ಅದೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ನಡೆದು ಜಗತ್ತಿನ ದಾಖಲೆಯನ್ನೇ ಮುರಿಯಿತು. ಮುಂದೆ 2020ರಲ್ಲಿ ಕೆನಡಾದ ಡಾರ್ಲಿಂಗ್‌ಟನ್ನಿನ ಘಟಕವೊಂದು ಅದನ್ನೂ ದಾಟಿತು. ಪತ್ರಿಕೆಗಳಲ್ಲಿ ಇದನ್ನು ಓದಿದಾಗ ನನಗೂ ಹೆಮ್ಮೆಯೆನಿಸಿತ್ತು. ಈ ಹುಡುಗನೊಡನೆ ಅದನ್ನು ಹೇಳಿದರೆ ನಕ್ಕುಬಿಟ್ಟ: "ಸರ್, ಅದು ಅಷ್ಟು ದಿನ ನಿಲ್ಲದಿದ್ದರೆ ನಮಗೆ ಅಲ್ಲಿ ಕೆಲಸ ಎಲ್ಲಿ?" ಯಂತ್ರ ನಡೆದಾಗ ಊರಿಗೆ ಬೆಳಕು, ನಿಂತಾಗ ಇವನ ಮನೆಗೆ ಬೆಳಕು. ಒಂದೇ ಕಾರ್ಖಾನೆಗೆ ಇಂಥ ಎರಡು ಪಂಚಾಂಗಗಳಿರುತ್ತವೆ ಎಂದು ನಾನು ಯೋಚಿಸಿರಲಿಲ್ಲ.

ಇನ್ನು ಚೀಟಿಯ ವಿಷಯ. ಅಣುಸ್ಥಾವರದ ಒಳಗೆ ಕೆಲಸ ಮಾಡುವವನ ಎದೆಯ ಮೇಲೆ ಒಂದು ಬಿಲ್ಲೆ ಇರುತ್ತದೆ. ಕಚೇರಿಯ ಜವಾನನ ಬಿಲ್ಲೆ ಅಧಿಕಾರದ ಗುರುತು. ಇದು ಲೆಕ್ಕದ ಗುರುತು. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬಿಸಿಯಿಲ್ಲ. ಬೆಂಕಿಯಾದರೆ ಚರ್ಮ ಹೇಳುತ್ತದೆ, ಹೊಗೆಯಾದರೆ ಮೂಗು ಹೇಳುತ್ತದೆ; ಇದನ್ನು ಹೇಳುವ ಇಂದ್ರಿಯವನ್ನು ದೇವರು ನಮಗೆ ಕೊಡಲಿಲ್ಲ. ಆ ಕೊರತೆಯನ್ನು ಈ ಬಿಲ್ಲೆ ತುಂಬುತ್ತದೆ. ಅದರೊಳಗೆ ಒಂದು ಬಗೆಯ ಹರಳಿನ ಪುಡಿಯ ಪುಟ್ಟ ಬಟ್ಟುಗಳಿವೆ. ಮೈಗೆ ತಗಲಿದಷ್ಟೇ ಅವಕ್ಕೂ ತಗಲುತ್ತದೆ. ತಿಂಗಳೋ ಮೂರು ತಿಂಗಳೋ ಕಳೆದ ಮೇಲೆ ಆ ಹರಳನ್ನು ಕಾಯಿಸಿದರೆ, ತಾನು ಉಂಡದ್ದನ್ನು ಅದು ಬೆಳಕಾಗಿ ಬಿಡುತ್ತದೆ. ಬೆಳಕು ಎಷ್ಟೋ ವಿಕಿರಣ ಅಷ್ಟು. ಸ್ವೀಡನ್ನಿನ ಸೀವರ್ಟ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ಅದನ್ನು ಅಳೆಯುತ್ತಾರೆ. ಅದರ ಸಾವಿರದಲ್ಲೊಂದು ಪಾಲು ಮಿಲಿಸೀವರ್ಟ್. ಚೀಟಿಯಲ್ಲಿದ್ದ ಎಂ.ಎಸ್.ವಿ. ಎಂಬುದು ಅದೇ.

ಈ ಬಿಲ್ಲೆಯ ಇನ್ನೊಂದು ಗುಣವನ್ನು ಹೇಳಬೇಕು. ಒಮ್ಮೆ ಕಾಯಿಸಿ ಓದಿದ ಮೇಲೆ ಅದು ಎಲ್ಲವನ್ನೂ ಮರೆತುಬಿಡುತ್ತದೆ. ಒರೆಸಿದ ಸ್ಲೇಟಿನಂತೆ ಮತ್ತೊಬ್ಬರ ಎದೆಗೆ ಹೋಗಲು ಸಿದ್ಧವಾಗುತ್ತದೆ. ಬಿಲ್ಲೆಗೆ ನೆನಪಿಲ್ಲ, ಮೈಗೆ ಭಾಷೆಯಿಲ್ಲ. ಉಳಿಯುವುದು ಪುಸ್ತಕದಲ್ಲಿ ಬರೆದ ಅಂಕಿಯೊಂದೇ.

ಅಕ್ಕನಿಗೆ ಏನೆಂದು ಹೇಳಲಿ? 'ವಿಕಿರಣ ಪ್ರಮಾಣ' ಎಂದರೆ ಅವರಿಗೆ ಇಂಗ್ಲಿಷಿಗಿಂತಲೂ ದೂರ. 'ಡೋಸು' ಎಂದರೆ ಇಂಜೆಕ್ಷನ್ನು ಎಂದುಕೊಂಡಾರು. ಹುಡುಗನ ಹಳೆಯ ಪ್ರಸ್ತಾರದ ಪುಸ್ತಕ ನೆನಪಾಯಿತು. "ಅಕ್ಕಾ, ಇದು ಮಾತ್ರೆ" ಎಂದೆ. ನುಂಗುವ ಮಾತ್ರೆಯೂ ಮಾತ್ರೆಯೇ, ಪದ್ಯದ ಸಾಲಿನ ಅಳತೆಯೂ ಮಾತ್ರೆಯೇ. ಎರಡರ ಬುಡದಲ್ಲಿಯೂ ಇಷ್ಟೇ ಎಂಬ ಅರ್ಥವಿದೆ. "ಅಲ್ಲಿಯ ಕಾಣದ ಬಿಸಿಲು ಮಗನ ಮೈಗೆ ಎಷ್ಟು ತಾಗಿತು ಎಂಬುದರ ಲೆಕ್ಕ. ಇದು ಒಂದು ಮುಕ್ಕಾಲಕ್ಕಿಂತ ತುಸು ಮೇಲೆ."

"ಎಷ್ಟರಲ್ಲಿ?" ಎಂದರು ಅಕ್ಕ. ಎಣಿಸುವವರ ಪ್ರಶ್ನೆ ಅದು.

ಗೊತ್ತಿದ್ದಷ್ಟು ಹೇಳಿದೆ. ಮಣ್ಣು, ಕಲ್ಲು, ಆಕಾಶ, ತಿನ್ನುವ ಅನ್ನ ಇವುಗಳಿಂದ ಜಗತ್ತಿನ ಮನುಷ್ಯನೊಬ್ಬನಿಗೆ ವರ್ಷಕ್ಕೆ ಸರಾಸರಿ 2.4 ಬರುತ್ತದೆ, ಕೇರಳದ ಕರುನಾಗಪಳ್ಳಿಯ ಕಪ್ಪು ಮರಳಿನ ಕಡಲತೀರದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ನಮ್ಮ ದೇಶದ ನಿಯಮದಂತೆ ಸ್ಥಾವರದ ನೌಕರನಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಗುತ್ತಿಗೆಯ ತಾತ್ಕಾಲಿಕ ಕೆಲಸಗಾರನಿಗೆ ವರ್ಷಕ್ಕೆ 15. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನಿಗೆ ಎಂಟು ಹತ್ತು ಆಗುವುದುಂಟು.

ಅಕ್ಕ ಕಟ್ಟುವ ಕೈ ನಿಲ್ಲಿಸಿದರು. "ನನಗೆ ಎರಡು ವರ್ಷದ ಹಿಂದೆ ಹೊಟ್ಟೆಯದ್ದು ತೆಗೆದಿದ್ದಾರಲ್ಲ! ಹಾಗಾದರೆ ಮಗನಿಗಿಂತ ನನಗೇ ಹೆಚ್ಚು ತಾಗಿದೆ. ನನ್ನ ಲೆಕ್ಕ ಯಾರು ಬರೆದಿಟ್ಟಿದ್ದಾರೆ?"

ನನಗೆ ನಗು ಬಂತು, ಉತ್ತರ ಬರಲಿಲ್ಲ.

ಅಕ್ಕನಿಗೆ ಈ ವಿಚಾರ ಆ ದಿನವೇ ಏಕೆ ಹತ್ತಿತ್ತೆಂಬುದು ಮರುವಾರ ತಿಳಿಯಿತು. ಮಗನಿಗೆ ಕಾರ್ಕಳದ ಕಡೆಯಿಂದ ಹೆಣ್ಣು ನೋಡಿದ್ದರು. ಜಾತಕ ಕೂಡಿತ್ತು, ಮನೆ ಮೆಚ್ಚಿಗೆಯಾಗಿತ್ತು. ಆದರೆ ಯಾರೋ ಹೆಣ್ಣಿನವರ ಕಿವಿಯಲ್ಲಿ ಊದಿದ್ದರು: ಹುಡುಗ ಅಣುಸ್ಥಾವರದಲ್ಲಿ ದುಡಿಯುವವನು, ಮಕ್ಕಳಾಗುವುದು ಕಷ್ಟ, ಆದರೂ ನೆಟ್ಟಗಿರುವುದಿಲ್ಲ. ಹೀಗಾಗಿ ಹುಡುಗಿಯ ಸೋದರಮಾವ, ಮೂವತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದ ಶೆಟ್ಟರು, ಬೆಳ್ಮಣ್ಣಿನ ದಾರಿಯಾಗಿ ನಮ್ಮಲ್ಲಿಗೇ ಬಂದರು. ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡು, "ಮಾಸ್ಟ್ರೇ, ನೀವು ಓದಿದವರು. ಹುಡುಗನಿಗೆ ನಡತೆಯ ಕಾಗದ ಕೊಟ್ಟವರೂ ನೀವಂತೆ. ಮುಚ್ಚುಮರೆ ಬೇಡ. ಭಯ ಉಂಟೋ ಇಲ್ಲವೋ?" ಎಂದರು.

ಇಂಥ ಪ್ರಶ್ನೆಗೆ ಎರಡು ಸುಲಭದ ಉತ್ತರಗಳಿವೆ. 'ಏನೂ ಇಲ್ಲ' ಎಂಬುದು ಒಂದು, 'ಎಲ್ಲ ವಿಷ' ಎಂಬುದು ಇನ್ನೊಂದು. ಎರಡಕ್ಕೂ ಓದಿನ ಶ್ರಮ ಬೇಡ. ನಾನು ಓದಿ ತಿಳಿದುದನ್ನು ಮುಂದಿಟ್ಟೆ. ಹಿರೋಷಿಮಾ ನಾಗಸಾಕಿಗಳಲ್ಲಿ ಬದುಕಿ ಉಳಿದವರ ಮಕ್ಕಳನ್ನು ಹತ್ತಾರು ವರ್ಷ ಬಿಡದೆ ಪರೀಕ್ಷಿಸಿದರೂ, ತಂದೆತಾಯಿಗೆ ತಗಲಿದ ವಿಕಿರಣ ಮಕ್ಕಳಿಗೆ ದೋಷವಾಗಿ ಇಳಿದುದು ಸಿದ್ಧವಾಗಲಿಲ್ಲ. ಅಲ್ಲಿಯ ಮಾತ್ರೆಯೆಲ್ಲಿ, ನಮ್ಮ ಹುಡುಗನ 1.8 ಎಲ್ಲಿ! ಆದರೆ ಭಯ ಸೊನ್ನೆಯೆಂದೂ ಹೇಳಲಾರೆ. ಒಟ್ಟು 100 ಮಿಲಿಸೀವರ್ಟ್ ತಗಲಿದ ಸಾವಿರ ಮಂದಿಯಲ್ಲಿ ಸುಮಾರು 5 ಮಂದಿ ಮುಂದೆಂದಾದರೂ ಅದರಿಂದಲೇ ಕ್ಯಾನ್ಸರಿಗೆ ಬಲಿಯಾಗಬಹುದೆಂಬುದು ಅಂತರರಾಷ್ಟ್ರೀಯ ಅಂದಾಜು. ಅಂದರೆ ಪ್ರಶ್ನೆ ಇರುವುದು ಒಂದು ಸಲದ 1.8ರಲ್ಲಿ ಅಲ್ಲ, ಜೀವಮಾನದ ಮೊತ್ತದಲ್ಲಿ.

ಶೆಟ್ಟರು ಹೋಟೆಲಿನ ಗಲ್ಲೆಯಲ್ಲಿ ಕುಳಿತು ಬೆಳೆದ ಬುದ್ಧಿಯವರು. ತಟ್ಟನೆ ಹೇಳಿದರು: "ಲೆಕ್ಕ ಇರುವ ಸಾಲಕ್ಕೆ ನಾನು ಹೆದರುವವನಲ್ಲ, ಮಾಸ್ಟ್ರೇ. ಪುಸ್ತಕ ಕಾಣದ ಸಾಲಕ್ಕೆ ಹೆದರುತ್ತೇನೆ. ಇವನು ಇವತ್ತು ಒಬ್ಬ ಕಾಂಟ್ರಾಕ್ಟರನ ಹತ್ತಿರ, ನಾಳೆ ಇನ್ನೊಬ್ಬನ ಹತ್ತಿರ. ಇಪ್ಪತ್ತು ವರ್ಷದ ಮೇಲೆ ಮೊತ್ತ ಎಷ್ಟು ಅಂತ ಕೇಳಿದರೆ ಪುಸ್ತಕ ತೆಗೆದು ತೋರಿಸುವವನು ಯಾರು?"

ನಾನು ಅನೇಕ ಪುಟಗಳನ್ನು ತಿರುವಿ ಮುಟ್ಟಿದ್ದ ಜಾಗಕ್ಕೆ ಅವರು ಒಂದೇ ಹೆಜ್ಜೆಯಲ್ಲಿ ಬಂದು ನಿಂತಿದ್ದರು.

ಏಕೆಂದರೆ ಈ ಪ್ರಶ್ನೆ ಶಿರ್ವದ್ದು ಮಾತ್ರವಲ್ಲ. ಅಮೆರಿಕದ ಹ್ಯಾನ್‌ಫರ್ಡಿನಲ್ಲಿ 1943ರಲ್ಲಿ ಬಾಂಬಿನ ಪ್ಲುಟೋನಿಯಮಿಗಾಗಿ ಸರಕಾರ ಸ್ಥಾವರ ಕಟ್ಟಿಸಿದಾಗ ಡ್ಯುಪಾಂಟ್ ಕಂಪೆನಿ ಖರ್ಚಿನ ಮೇಲೆ ಒಂದೇ ಒಂದು ಡಾಲರನ್ನು ಲಾಭವಾಗಿ ಇಟ್ಟುಕೊಂಡು ಆ ಗುತ್ತಿಗೆಯನ್ನು ವಹಿಸಿಕೊಂಡಿತು. ನೆಲ ಸರಕಾರದ್ದು, ನಡೆಸುವವನು ಗುತ್ತಿಗೆದಾರ, ಅವನ ಕೆಳಗೆ ಒಳಗುತ್ತಿಗೆದಾರರು ಎಂಬ ಪದ್ಧತಿ ಅಲ್ಲಿ ಅಂದಿನಿಂದ ಬೇರೂರಿತು. ದಶಕಗಳ ಮೇಲೆ ಕೆಲಸಗಾರರು ಕಾಯಿಲೆ ಬಿದ್ದು ಪರಿಹಾರ ಕೇಳಿದಾಗ ಎಷ್ಟೋ ಮಂದಿಯ ಮಾತ್ರೆಯ ಲೆಕ್ಕ ಸಾಲದೆ ಬಂತು. 2000ದಲ್ಲಿ ಅಲ್ಲಿಯ ಸಂಸತ್ತು ಕಾಯ್ದೆಯೊಂದನ್ನು ಮಾಡಿತು: ಒಳಗುತ್ತಿಗೆಯವರಿಗೂ ಪರಿಹಾರವುಂಟು, ಲೆಕ್ಕದಿಂದ ತೀರ್ಮಾನಿಸಲಾಗದ ಕೆಲವು ವರ್ಗಗಳವರಿಗೆ, ಕೆಲವು ಕ್ಯಾನ್ಸರುಗಳಲ್ಲಿ, ಕಾರಣ ಆ ಕೆಲಸವೇ ಎಂದು ಹಿಡಿಯಬೇಕು. ಜಪಾನಿನಲ್ಲಿ ಸ್ಥಾವರದಿಂದ ಸ್ಥಾವರಕ್ಕೆ ಅಲೆಯುವ ಕೂಲಿಗಳಿಗೆ 'ಅಣು ಅಲೆಮಾರಿಗಳು' ಎಂಬ ಅರ್ಥದ ಹೆಸರೇ ಬಿದ್ದಿದೆ. ಅವರ ಮಾತ್ರೆಯನ್ನು ಬರೆದಿಡಲು ಅಲ್ಲಿ ಕೈಪುಸ್ತಕವೊಂದು ಉಂಟು. ಆದರೂ ಫುಕುಷಿಮಾ ಅಪಘಾತದ ಬಳಿಕ, 2011ರ ಕೊನೆಯಲ್ಲಿ, ಒಳಗುತ್ತಿಗೆಯವನೊಬ್ಬ ತನ್ನ ಕೆಲಸಗಾರರ ಅಳತೆಯ ಯಂತ್ರಕ್ಕೆ ಸೀಸದ ಹೊದಿಕೆ ಹಾಕಿಸಿದ್ದು ಮರುವರ್ಷ ಬಯಲಿಗೆ ಬಂತು. ಮಿತಿ ಮುಟ್ಟಿದರೆ ಕೆಲಸ ಹೋಗುತ್ತದೆ. ಅದಕ್ಕಾಗಿ ಎಣಿಸುವ ಕಣ್ಣಿಗೇ ಬಟ್ಟೆ ಕಟ್ಟಿದರು. ಹಸಿವು ತನ್ನ ಮೈಯ ವಿರುದ್ಧ ತಾನೇ ಸುಳ್ಳು ಸಾಕ್ಷಿ ಹೇಳಿಸುತ್ತದೆ.

ಎಣಿಕೆ ಕೆಟ್ಟರೆ ಇಂಥದಾಗುತ್ತದೆ. ಎಣಿಕೆ ಎಚ್ಚರವಾಗಿದ್ದರೆ ಏನಾಗುತ್ತದೆಂಬುದಕ್ಕೆ ಕೈಗಾದಲ್ಲಿಯೇ ಸಾಕ್ಷಿಯುಂಟು. 2009ರ ನವೆಂಬರಿನಲ್ಲಿ ಅಲ್ಲಿಯ ಕುಡಿಯುವ ನೀರಿನ ಕೂಲರಿಗೆ ಯಾರೋ ಬೇಕೆಂದೇ ಟ್ರಿಟಿಯಮ್ ಸೇರಿದ ಭಾರಜಲವನ್ನು ಬೆರೆಸಿದರು. ಐವತ್ತಕ್ಕೂ ಹೆಚ್ಚು ಮಂದಿಯ ಮೈಗೆ ಅದು ಹೋಯಿತು. ಕಂಡುಹಿಡಿದದ್ದು ಯಾವ ಕಾವಲುಗಾರನೂ ಅಲ್ಲ. ಮಾಮೂಲಾಗಿ ನಡೆಯುತ್ತಿದ್ದ ಮೂತ್ರಪರೀಕ್ಷೆ. ಎಣಿಸುವ ಅಭ್ಯಾಸ ತಪ್ಪದೆ ಇದ್ದುದರಿಂದ ತಪ್ಪು ಸಿಕ್ಕಿಬಿತ್ತು.

ಇನ್ನೊಂದು ಮಾತು ನನ್ನನ್ನು ಕಾಡಿತು. ವಿಕಿರಣವಿರುವಲ್ಲಿ ಕೆಲಸ ಮಾಡಲು ಮೂರು ಸೂತ್ರಗಳು: ದೂರವಿರು, ಮರೆಯಲ್ಲಿರು, ಬೇಗ ಮುಗಿಸು. ಮೂರೂ ಸಾಲದಿದ್ದರೆ ಜನರನ್ನು ಹೆಚ್ಚಿಸಬೇಕು. ಒಬ್ಬನೇ ಮಾಡಿದರೆ ಅವನಿಗೆ 10 ತಗಲುವ ಕೆಲಸವನ್ನು ಹತ್ತು ಜನ ಸರದಿಯಲ್ಲಿ ಮಾಡಿದರೆ ತಲಾ 1. ನ್ಯಾಯವಾದ ಹಂಚಿಕೆಯೇ. ತೇರು ಎಳೆಯುವುದೂ ಹೀಗೆಯೇ. ನೂರು ಕೈ ಸೇರಿದರೆ ಯಾರ ಕೈಯೂ ಉಳುಕುವುದಿಲ್ಲ. ಆದರೆ ಹಂಚಿದ ಮಾತ್ರಕ್ಕೆ ಮೊತ್ತ ಕರಗಲಿಲ್ಲ. ಹತ್ತು ಮನೆಗಳ ಒಳಗೆ ಹೋಗಿ ಕುಳಿತಿತು, ಅಷ್ಟೆ. ದೀಪದ ಕೆಳಗೆ ಕುಳಿತು ಇದನ್ನು ಬರೆಯುವ ನನ್ನ ಪಾಲಿನದನ್ನೂ ಆ ಹತ್ತರಲ್ಲಿ ಒಬ್ಬ ಹೊತ್ತಿದ್ದಾನೆ. ಕಾರಂತರಂತೆ ಬೇಡವೆಂದು ಎದ್ದು ನಿಲ್ಲುವ ಎದೆಗಾರಿಕೆ ನನಗಿಲ್ಲ. ವಿದ್ಯುತ್ತು ಬೇಡವೆನ್ನುವ ವೈರಾಗ್ಯವೂ ಇಲ್ಲ. ಕಡೆಯ ಪಕ್ಷ ಹೊತ್ತವನ ಲೆಕ್ಕ ಹೊತ್ತವನ ಕೈಯಲ್ಲಿ, ಅವನ ಮನೆಯವರಿಗೆ ತಿಳಿಯುವ ಮಾತಿನಲ್ಲಿ ಇರಬೇಕೆಂದು ಕೇಳಬಲ್ಲೆ.

ಶೆಟ್ಟರಿಗೆ ಹೇಳಿದೆ: ನಮ್ಮಲ್ಲಿ ಲೆಕ್ಕ ಇಲ್ಲದೆ ಇಲ್ಲ. ಬಿಲ್ಲೆ ತೊಟ್ಟ ಪ್ರತಿಯೊಬ್ಬನ ಹೆಸರಿಗೂ ಒಂದು ಸಂಖ್ಯೆಯುಂಟು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ದೇಶಕ್ಕೆಲ್ಲ ಸೇರಿದ ಖಾತೆಯುಂಟು. ಕಾಂಟ್ರಾಕ್ಟರು ಬದಲಾದರೂ ಖಾತೆ ಮುಂದುವರಿಯಬೇಕಾದದ್ದು. ಅಷ್ಟರಲ್ಲಿ ಹುಡುಗನೂ ಬಂದ. "ನಿನ್ನ ಸಂಖ್ಯೆ ಎಷ್ಟು ಮಗಾ?" ಎಂದು ಶೆಟ್ಟರು ಕೇಳಿದರು. ಅವನು ತಲೆ ಕೆರೆದ. ಮೊಬೈಲಿನ ಸಂಖ್ಯೆ, ಬ್ಯಾಂಕಿನ ಸಂಖ್ಯೆ, ಬೈಕಿನ ಸಂಖ್ಯೆ ಎಲ್ಲ ನಾಲಗೆಯ ತುದಿಯಲ್ಲಿತ್ತು, ಇದೊಂದು ಇರಲಿಲ್ಲ. ಹಿಂದಿನ ಎರಡು ಶಟ್‌ಡೌನಿನ ಅಂಕಿಗಳನ್ನು ಅವನು ಕೇಳಿಯೂ ಇರಲಿಲ್ಲ, ಬರೆದುಕೊಂಡೂ ಇರಲಿಲ್ಲ. ಈ ಸಲದ್ದನ್ನು ಬರೆದುಕೊಂಡದ್ದೂ ಜೊತೆಯವರೊಡನೆ ಪಂಥ ಕಟ್ಟಿ, ಯಾರದು ಕಡಿಮೆ ಎಂದು ನೋಡುವುದಕ್ಕಂತೆ.

ಭಾಮಿನಿಯ ಮಾತ್ರೆಯನ್ನು ಅಕ್ಷರ ತಪ್ಪದೆ ಎಣಿಸುವುದನ್ನು ಅವನಿಗೆ ಕಲಿಸಿದವನು ನಾನು. ತನ್ನ ಮೈಯ ಮಾತ್ರೆಯನ್ನು ಎಣಿಸಿಕೊಳ್ಳೆಂದು ಹೇಳಿಕೊಟ್ಟಿರಲಿಲ್ಲ. ಸಹಿ ಹಾಕಿದ ದಿನ ನಾಲ್ಕು ಮಾತು ಕೇಳಿ ತಿಳಿದು ಹೇಳಬಹುದಿತ್ತು; ಕಾಗದ ಕೊಟ್ಟು, ಒಳ್ಳೆಯದಾಗಲಿ ಎಂದು ಕಳಿಸಿದ್ದೆ. ಒಳಗೆ ಹೋಗಿ ಹೊಸ ನೋಟುಪುಸ್ತಕವೊಂದನ್ನು ತಂದು ಕೊಟ್ಟೆ. ಮೊದಲ ಪುಟದಲ್ಲಿ ಅವನ ಕೈಯಲ್ಲೇ ಗೆರೆ ಹಾಕಿಸಿದೆ: ತಾರೀಕು, ಸ್ಥಳ, ಕಾಂಟ್ರಾಕ್ಟರು, ಬಿಲ್ಲೆಯ ಸಂಖ್ಯೆ, ಮಾತ್ರೆ, ಒಟ್ಟು ಮೊತ್ತ. ಮುಂದಿನ ಸಲ ಹೋದಾಗ ಹಿಂದಿನ ಎರಡರ ಅಂಕಿಗಳನ್ನೂ ಕೇಳಿ ಬರೆದುಕೊಂಡು ಬರಬೇಕೆಂದು ಹೇಳಿದೆ. ಶೆಟ್ಟರು ಆ ಪುಟವನ್ನು ಕನ್ನಡಕ ಏರಿಸಿ ನೋಡಿ, ಖಾತೆ ತೆರೆದ ಸಾಹುಕಾರನ ಗಾಂಭೀರ್ಯದಿಂದ ತಲೆದೂಗಿದರು. ಮಾತುಕತೆ ಮುರಿಯಲಿಲ್ಲ.

ಆರು ತಿಂಗಳ ಮೇಲೆ ಹುಡುಗ ಮತ್ತೊಂದು ಶಟ್‌ಡೌನ್ ಮುಗಿಸಿ ಬಂದ. ಮರುದಿನ ಬೆಳಗ್ಗೆ ಬೇಲಿಯ ಆಚೆಯಿಂದ ಅಕ್ಕ ಕರೆದರು. ಜಗಲಿಯ ಮೇಲೆ ಮಲ್ಲಿಗೆಯ ರಾಶಿಯ ಪಕ್ಕದಲ್ಲಿ ಆ ಪುಸ್ತಕ ಬಿಚ್ಚಿ ಇಟ್ಟಿತ್ತು. ಬಿಟ್ಟುಹೋದ ಸಾಲುಗಳೂ ತುಂಬಿದ್ದವು. ನಾಲ್ಕು ಸಲದ್ದು ಸೇರಿ ಒಟ್ಟು ಮೊತ್ತ ಐದನ್ನು ದಾಟಿರಲಿಲ್ಲ. ಪುಸ್ತಕದ ಹಿಂದಿನ ಪುಟಗಳಲ್ಲಿ ಅಕ್ಕ ತಮ್ಮ ಅಟ್ಟೆಯ ಲೆಕ್ಕವನ್ನು ಬರೆಯತೊಡಗಿದ್ದರು; ಒಳ್ಳೆಯ ಪುಸ್ತಕ ಹಾಳಾಗಬಾರದಲ್ಲ!

"ಮೊತ್ತ ಸರಿ ಉಂಟೋ ನೋಡಿ ಮಾಸ್ಟ್ರೇ," ಎಂದರು. "ನಾನು ಎರಡು ಸಲ ಕೂಡಿಸಿದ್ದೇನೆ. ಆದರೂ ಇನ್ನೊಬ್ಬರು ನೋಡಿದರೆ ಒಳ್ಳೆಯದು."

ನಾನು ಕೂಡಿಸಿ ನೋಡಿದೆ. ಸರಿಯಾಗಿತ್ತು.